ಸಾಫ್ಟ್‌ವೇರಿಗೂ ತಾಯಿಮರ ಯಾವುದೆಂದು ಕೇಳಬೇಕು

ಮಾನ್ಯ ಸಂಪಾದಕರೇ,

ವಂದನೆಗಳು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 10ಕ್ಕೆ ಭದ್ರತಾ ದುರಸ್ತಿ ನಿಂತ ಮೇಲೆ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವುದೊಂದೇ ದಾರಿ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅದನ್ನು ಓದಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಗುಜರಿಗೆ ಹಾಕಬೇಕಿಲ್ಲ. ಆದರೆ ಅದನ್ನು ಉಳಿಸಿಕೊಳ್ಳಲು ಬೇಕಾದ ಸಾಫ್ಟ್‌ವೇರನ್ನು ಎಲ್ಲಿಂದ, ಯಾರ ಕೈಯಿಂದ ತರುತ್ತೀರಿ ಎನ್ನುವುದನ್ನು ನೋಡಲೇಬೇಕು. ಈ ವಿಷಯದಲ್ಲಿ ನಾನು ಒಂದಿಷ್ಟು ಕಲಿತಿದ್ದೇನೆ. ಒಂದು ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಅದನ್ನು ಹೇಳಿ, ನಮ್ಮ ಜಿಲ್ಲೆಯ ಪಂಚಾಯಿತಿಗಳಿಗೆ ಒಂದು ಬೇಡಿಕೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಶಿರಸಿ ತಾಲ್ಲೂಕಿನ ಒಂದು ತೋಟದ ಮನೆಯವಳು. ಇಪ್ಪತ್ತಾರು ವರ್ಷ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತಳಾದೆ. ಕಂಪ್ಯೂಟರ್ ಓದಿದವಳಲ್ಲ. ಸಂಘಕ್ಕೆ ಮೊದಲ ಕಂಪ್ಯೂಟರ್ ಬಂದಾಗ ಖಾತೆ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅದಕ್ಕೆ ಅಂಕಿ ತುಂಬಿದವಳು ನಾನು. ಹಾಗೇ ಕೈ ಕೂಡಿತು.

2020ರ ಲಾಕ್‌ಡೌನಿನಲ್ಲಿ ಬೆಂಗಳೂರು, ಹುಬ್ಬಳ್ಳಿಯಲ್ಲಿದ್ದ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಶಾಲೆ ಮಕ್ಕಳ ಪಾಠ ಮನೆಯಲ್ಲೇ ಶುರುವಾಯಿತು. ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರುಗಳನ್ನು ಧೂಳು ಹೊಡೆದು ಕೆಳಗಿಳಿಸಿದರು. "ಅಕ್ಕಾ, ಕನ್ನಡ ಟೈಪ್ ಮಾಡುವುದು ಹಾಕಿಕೊಡಿ", "ಅಕ್ಕಾ, ಪಿಡಿಎಫ್ ತೆರೆಯುವುದು ಯಾವುದು" ಎಂದು ದಿನಕ್ಕೆ ಹತ್ತು ಫೋನು. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಮೊಬೈಲಿನಲ್ಲಿ ಒಂದು ಗುಂಪು ಮಾಡಿದೆ. ಮನೆ ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್ ಹಂಚಿಕೊಳ್ಳಲು ಮಾತ್ರ. ಮೂವತ್ತು ಜನರಿಂದ ಶುರುವಾದದ್ದು. ಈಗ ಯಲ್ಲಾಪುರದಿಂದ ಹೊನ್ನಾವರದವರೆಗೆ, ಆ ಕಡೆ ಕಾರವಾರದವರೆಗೆ ನಾನೂರರ ಹತ್ತಿರ ಜನ ಇದ್ದೇವೆ. ನೋಡಿಕೊಳ್ಳುವವರು ನಾಲ್ವರು. ನಾನು, ಕುಮಟಾದ ಒಬ್ಬ ನಿವೃತ್ತ ಗಣಿತ ಮಾಸ್ತರು, ಅಂಕೋಲಾದ ಒಬ್ಬ ಇಂಜಿನಿಯರ್ ಹುಡುಗಿ, ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ತಮ್ಮ. ಯಾರಿಗೂ ಸಂಬಳ ಇಲ್ಲ. ನಾವು ನಾಲ್ವರೂ ಒಟ್ಟಿಗೆ ಒಂದೇ ಕಡೆ ಕೂತದ್ದು ಈವರೆಗೆ ಎರಡೇ ಸಲ.

ಈಗ ನನ್ನ ತಪ್ಪಿನ ಕಥೆ.

ಮೊದಮೊದಲು ಗುಂಪಿನಲ್ಲಿ ಯಾರು ಬೇಕಾದರೂ ಫೈಲ್ ಹಾಕಬಹುದಿತ್ತು. ನಮ್ಮಲ್ಲಿ ಯಾರಾದರೂ ಒಬ್ಬರು ಅದನ್ನು ಪರೀಕ್ಷೆ ಮಾಡಿ, ಸರಿ ಇದ್ದರೆ ಕೆಳಗೆ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆವು. ಹೆಬ್ಬೆರಳು ಬಿತ್ತೆಂದರೆ ಧೈರ್ಯವಾಗಿ ಹಾಕಿಕೊಳ್ಳಬಹುದು ಎಂದು ಎಲ್ಲರಿಗೂ ಗೊತ್ತಿತ್ತು. 2023ರ ಜುಲೈ. ಮೂರು ದಿನದಿಂದ ಬಿಡದೆ ಮಳೆ. ರಾತ್ರಿ ಹತ್ತೂವರೆ ದಾಟಿತ್ತು, ಕರೆಂಟು ಸಂಜೆಯೇ ಹೋಗಿತ್ತು, ಫೋನಿನಲ್ಲಿ ಚಾರ್ಜ್ ಮುಗಿಯುತ್ತಾ ಬಂದಿತ್ತು. ಗುಂಪಿನ ಹಳೇ ಸದಸ್ಯರೊಬ್ಬರು ಫೋಟೋ ತಿದ್ದುವ ದುಬಾರಿ ಸಾಫ್ಟ್‌ವೇರಿನ ಒಂದು ಜಿಪ್ ಫೈಲಿನ ಕೊಂಡಿ ಹಾಕಿದರು. "ಫುಲ್ ವರ್ಷನ್, ನಾನೂ ಇಳಿಸಿಕೊಂಡಿದ್ದೇನೆ" ಎಂದು ಬರೆದಿದ್ದರು. ಒಳ್ಳೆಯ ಮನುಷ್ಯ. ನನಗೆ ಹತ್ತು ವರ್ಷದಿಂದ ಗೊತ್ತು. ಕೊಂಡಿ ಒತ್ತಿ ನೋಡಲಿಲ್ಲ. ಕೆಳಗೆ ಬರೆದಿದ್ದ ಸೂಚನೆಯನ್ನೂ ಪೂರ್ತಿ ಓದಲಿಲ್ಲ. ಜನರನ್ನು ನೋಡಿ ಹೆಬ್ಬೆರಳು ಒತ್ತಿದೆ. ಫೋನ್ ಮಗುಚಿಟ್ಟು ಮಲಗಿದೆ.

ಆ ಸೂಚನೆಯಲ್ಲಿ ಎರಡನೇ ಸಾಲು ಹೀಗಿತ್ತು: ಹಾಕುವ ಮೊದಲು ಆ್ಯಂಟಿವೈರಸ್ ಬಂದ್ ಮಾಡಿ.

ಸಿದ್ದಾಪುರದ ಕಡೆ ಸಣ್ಣ ಸ್ಟುಡಿಯೋ ಇಟ್ಟುಕೊಂಡ ಹುಡುಗನೊಬ್ಬ ಅದನ್ನು ರಾತ್ರಿಯೇ ಇಳಿಸಿಕೊಂಡಿದ್ದ. ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. "ಅಕ್ಕಾ, ಎಲ್ಲಾ ಫೋಟೋದ ಹೆಸರಿನ ಕೊನೆಗೆ ಎಂತದೋ ನಾಲ್ಕು ಅಕ್ಷರ ಬಂದಿದೆ, ಯಾವುದೂ ತೆರೆಯುತ್ತಿಲ್ಲ" ಎಂದ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ. 980 ಡಾಲರ್ ಕೊಟ್ಟರೆ ಬೀಗ ತೆಗೆಯುತ್ತೇವೆ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490 ಡಾಲರ್. ಆಮೇಲೆ ಅಂಕೋಲಾದ ಹುಡುಗಿ ಹುಡುಕಿ ಹೇಳಿದಳು, ಇದು ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರ್ಯಾನ್ಸಮ್‌ವೇರ್, ಸ್ಟಾಪ್ ಎಂಬ ಜಾತಿಯದು, ಹೆಚ್ಚಾಗಿ ಹರಡುವುದೇ ದುಬಾರಿ ಸಾಫ್ಟ್‌ವೇರನ್ನು ಕದ್ದು ಪುಕ್ಕಟೆ ಮಾಡಿದ ಇಂಥ ಕ್ರ್ಯಾಕ್ ಫೈಲುಗಳಿಂದ ಎಂದು. ದುಡ್ಡು ಕೊಡಬೇಡ ಎಂದೆವು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿಸಿದೆವು. ಯುರೋಪಿನ ಪೊಲೀಸರೂ ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ್ಯಾನ್ಸಮ್ ಎಂಬ ಜಾಲತಾಣದಲ್ಲಿ ಕೆಲವು ಜಾತಿಗಳಿಗೆ ಉಚಿತ ಬೀಗದ ಕೈ ಸಿಗುತ್ತದೆ. ಅದನ್ನೂ ಹಾಕಿ ನೋಡಿದೆವು. ಇವನ ಫೈಲಿಗೆ ಅದು ಹೊಂದಲಿಲ್ಲ.

ಕೆಲವು ಮದುವೆಯ ಫೋಟೋ ಕ್ಯಾಮೆರಾದ ಕಾರ್ಡಿನಲ್ಲೇ ಉಳಿದಿದ್ದವು, ಬಚಾವಾದವು. ಒಂದು ಉಪನಯನದ್ದು ಮಾತ್ರ ಪೂರ್ತಿ ಹೋಯಿತು. ಆ ಮನೆಗೆ ಹುಡುಗನ ಜೊತೆ ನಾನೂ ಹೋದೆ. ಬೈಯಲಿಲ್ಲ ಅವರು. ಚಾ ಕೊಟ್ಟರು. ಮಾಣಿಗೆ ಭಿಕ್ಷೆ ಹಾಕಿದ್ದ ಅಜ್ಜಿ, ಉಪನಯನ ಕಳೆದು ಮೂರು ತಿಂಗಳಿಗೆ ತೀರಿಕೊಂಡಿದ್ದರಂತೆ. ಯಾರದೋ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮಾತ್ರ ಉಳಿದಿದೆ ಎಂದು ತೋರಿಸಿದರು. ಅದರಲ್ಲಿ ಮಾಣಿಯ ಮುಖ ಇದೆ, ಅಕ್ಕಿ ಇದೆ, ಅಜ್ಜಿಯ ಕೈ ಮೊಣಕೈವರೆಗೆ ಇದೆ. ಮುಖ ಇಲ್ಲ.

ಸಂಘದಲ್ಲಿದ್ದಾಗ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರಿಗೆ ನಾನೇ ಎದುರು ಕೂತು ಓದಿ ಹೇಳುತ್ತಿದ್ದೆ. "ಓದಿ ಕೇಳದೆ ಒತ್ತಬೇಡಿ" ಎಂದು ಸಾವಿರ ಸಲ ಹೇಳಿದ್ದೇನೆ. ಅವತ್ತು ರಾತ್ರಿ ನಾನು ಓದದೆ ಒತ್ತಿದ್ದೆ.

ಮರುದಿನವೇ ಗುಂಪನ್ನು ಎರಡು ಮಾಡಿದೆವು. ಕೇಳುವ ಗುಂಪು ಬೇರೆ, ಕೊಡುವ ಗುಂಪು ಬೇರೆ. ಕೊಡುವ ಗುಂಪಿನಲ್ಲಿ ನಾವು ನಾಲ್ವರು ಬಿಟ್ಟು ಯಾರೂ ಹಾಕುವಂತಿಲ್ಲ. ನಾಲ್ವರಲ್ಲಿ ಇಬ್ಬರು ಬೇರೆ ಬೇರೆಯಾಗಿ ನೋಡದೆ ಏನೂ ಹೋಗುವುದಿಲ್ಲ. ಜನ ನೋಡಿ ನಂಬುವುದು ಬಂದ್. ಫೈಲ್ ನೋಡಿ ನಂಬಬೇಕು.

ಫೈಲ್ ನೋಡುವುದು ಎಂದರೆ ಏನು ಎಂದು ಕೇಳುತ್ತಾರೆ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಕಸಿ ಗಿಡ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾವು ಮೊದಲು ಕೇಳುವುದು ತಾಯಿಮರ ಯಾವುದು ಎಂದೇ ಅಲ್ವಾ? ಯಾವ ಹೊಳೆ ದಂಡೆಯದು, ಯಾರ ಬೆಟ್ಟದಲ್ಲಿದೆ, ಮಿಡಿ ಉಪ್ಪಿನಲ್ಲಿ ಎಷ್ಟು ವರ್ಷ ಗಟ್ಟಿ ಉಳಿಯುತ್ತದೆ ಎಂದು ವಿಚಾರಿಸುತ್ತೇವೆ. ಗೇಣುದ್ದದ ಗಿಡದ ಚಂದ ನೋಡಿ ಯಾರೂ ಒಯ್ಯುವುದಿಲ್ಲ. ಮಿಡಿ ಬಿಡಲು ವರ್ಷಗಟ್ಟಲೆ ಕಾಯಬೇಕು. ಆಮೇಲೆ ಅದು ಕಾಡುಮಾವು ಎಂದು ಗೊತ್ತಾದರೆ ಕಾದ ವರ್ಷಗಳನ್ನು ಯಾರೂ ತಂದುಕೊಡುವುದಿಲ್ಲ. ಸಾಫ್ಟ್‌ವೇರಿಗೂ ಒಂದು ತಾಯಿಮರ ಇರುತ್ತದೆ. ಅದನ್ನು ಮಾಡಿದವರ ಸ್ವಂತ ತಾಣ. ಅಲ್ಲಿಂದ ಇಳಿಸಿದ್ದೋ, ನಾಲ್ಕು ಕೈ ದಾಟಿ ಬಂದದ್ದೋ ಎನ್ನುವುದು ಮೊದಲನೇ ಪ್ರಶ್ನೆ.

ಎರಡನೆಯದು, ಆ ತಾಯಿಮರದ್ದೇ ಕೊಂಬೆ ಹೌದೋ ಅಲ್ಲವೋ ಎಂದು ಖಾತ್ರಿ ಮಾಡುವುದು. ಇದಕ್ಕೆ ಒಂದು ಲೆಕ್ಕ ಇದೆ. ಶಾ-256 ಎನ್ನುತ್ತಾರೆ. ಎಷ್ಟು ದೊಡ್ಡ ಫೈಲಾದರೂ ಅದನ್ನು ಈ ಲೆಕ್ಕಕ್ಕೆ ಹಾಕಿದರೆ 64 ಅಕ್ಷರದ ಒಂದು ಗುರುತು ಬರುತ್ತದೆ. ಒಳಗೆ ಒಂದೇ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಮಾಡಿದವರು ತಮ್ಮ ತಾಣದಲ್ಲಿ ಗುರುತನ್ನು ಹಾಕಿರುತ್ತಾರೆ, ನಾವು ನಮ್ಮ ಫೈಲಿನದು ತೆಗೆದು ಹೋಲಿಸಬೇಕು. ವಿಂಡೋಸಿನಲ್ಲಿ ಇದಕ್ಕೆ ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಸರ್ಟ್‌ಯುಟಿಲ್ ಎಂಬ ಆಜ್ಞೆ ಅದರಲ್ಲೇ ಇದೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮಲ್ಲಿ ಇಂಟರ್ನೆಟ್ ಸತ್ತಿತ್ತು, ಫೋನ್ ಮಾತ್ರ ಹೇಗೋ ತಾಗುತ್ತಿತ್ತು. ಪೆನ್‌ಡ್ರೈವಿನಲ್ಲಿ ಬಂದ ಒಂದು ಫೈಲ್ ಅವತ್ತೇ ಒಬ್ಬರಿಗೆ ಬೇಕಿತ್ತು. ಕುಮಟಾದ ಮಾಸ್ತರು ತಾಣದಲ್ಲಿದ್ದ ಗುರುತನ್ನು ಫೋನಿನಲ್ಲಿ ಓದಿದರು. ನಾಲ್ಕು ನಾಲ್ಕು ಅಕ್ಷರದಂತೆ ಹದಿನಾರು ಸಲ. ಮಳೆ ಸದ್ದಿನಲ್ಲಿ ಬಿ ಯಾವುದು, ಡಿ ಯಾವುದು ತಿಳಿಯುವುದಿಲ್ಲ. ಈ ಗುರುತಿನಲ್ಲಿ ಅಂಕಿ ಬಿಟ್ಟರೆ ಎಯಿಂದ ಎಫ್‌ವರೆಗೆ ಆರೇ ಅಕ್ಷರ. ಅವಕ್ಕೆ ನಮ್ಮದೇ ಹೆಸರು ಇಟ್ಟುಕೊಂಡಿದ್ದೇವೆ. ಎಮ್ಮೆ, ಬಿದಿರು, ಸಿಂಗಾರ, ಡಬ್ಬಿ, ಇರುವೆ, ಫೋನು. "ಏಳು, ಬಿದಿರು, ಸೊನ್ನೆ, ಇರುವೆ" ಎಂದು ಅವರು ಹೇಳುವುದು, ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿ ಹಾಳೆಯಲ್ಲಿ ನಾನು ಟಿಕ್ ಹಾಕುವುದು. ನಾಲ್ಕಕ್ಷರದ ಮೂರನೇ ಕಂತಿನಲ್ಲೇ ತಾಳೆ ತಪ್ಪಿತು. ಮತ್ತೆ ಮೊದಲಿಂದ ಓದಿದರು. ಮತ್ತೆ ಅಲ್ಲೇ ತಪ್ಪಿತು. ಆ ಪ್ರತಿಯನ್ನು ಅಳಿಸಿದೆ. ಅದು ವೈರಸ್ ಆಗಿರಲಿಲ್ಲ, ಇಳಿಸುವಾಗ ಕರೆಂಟು ಹೋಗಿ ಕೆಟ್ಟಿತ್ತು ಎಂದು ಆಮೇಲೆ ತಿಳಿಯಿತು. ಆದರೂ ಅಳಿಸಿದ್ದೇ ಸರಿ. ಕೆಟ್ಟ ಫೈಲಿನಿಂದ ಕಂಪ್ಯೂಟರ್ ಅರ್ಧದಲ್ಲಿ ನಿಂತರೆ ಆ ಮನೆಯವರು ಯಾರನ್ನು ಕೇಳಬೇಕು?

ತಾಯಿಮರಕ್ಕೇ ಹುಳ ಹತ್ತಿದರೆ ಎಂದು ಮಾಸ್ತರು ಒಮ್ಮೆ ಕೇಳಿದ್ದರು. ಅದೂ ಆಗಿದೆ. ವಿಂಡೋಸಿನ ಬದಲು ಕಂಪ್ಯೂಟರ್ ನಡೆಸಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಎಂಬುದೊಂದಿದೆ. 2016ರ ಫೆಬ್ರವರಿ 20ರಂದು ಅದರ ತಾಣಕ್ಕೇ ಕಳ್ಳರು ನುಗ್ಗಿ, ಇಳಿಸುವ ಕೊಂಡಿಯನ್ನು ಕಳ್ಳಬಾಗಿಲಿದ್ದ ಪ್ರತಿಗೆ ತಿರುಗಿಸಿದ್ದರು. ತಂಡದವರು ಅವತ್ತೇ ಕಂಡುಹಿಡಿದು, ಜನರಿಗೆ ತಿಳಿಸಿ, ಸರಿಯಾದ ಗುರುತು ಯಾವುದೆಂದು ಹೇಳಿದರು. ತಾಣಕ್ಕೇ ನುಗ್ಗಿದವರು ಅಲ್ಲಿನ ಗುರುತನ್ನೂ ಬದಲಿಸಬಹುದಲ್ಲ. ಅದಕ್ಕೇ ಅಂಕೋಲಾದ ಹುಡುಗಿ 64 ಅಕ್ಷರಕ್ಕೆ ನಿಲ್ಲುವುದಿಲ್ಲ, ಮಾಡಿದವರ ಡಿಜಿಟಲ್ ಸಹಿಯನ್ನೂ ಪರೀಕ್ಷೆ ಮಾಡುತ್ತಾಳೆ. ಈ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ನಮ್ಮ ಗುಂಪಿನಲ್ಲಿ ಒಂದು ಫೈಲ್ ಬರಲು ಕೆಲವೊಮ್ಮೆ ಎರಡು ದಿನ ಯಾಕೆ ಬೇಕು ಎಂದು ಸಿಟ್ಟಾಗುವವರಿಗೆ ಇದನ್ನು ಹೇಳಬೇಕಿತ್ತು.

ಮೂರನೇ ಪ್ರಶ್ನೆಯೇ ನಮಗೆ ಜಾಸ್ತಿ ಜಗಳ ತಂದದ್ದು. ಇದನ್ನು ಹಂಚಲು ನಮಗೆ ಹಕ್ಕಿದೆಯೇ?

ನಮ್ಮ ಜನ ಪುಕ್ಕಟೆ ಮತ್ತು ಮುಕ್ತ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಪುಕ್ಕಟೆ ಎಂದರೆ ದುಡ್ಡಿಲ್ಲದೆ ಸಿಗುವುದು, ಅಷ್ಟೇ. ಕೊಟ್ಟವರು ನಾಳೆ ನಿಲ್ಲಿಸಬಹುದು, ಬೇರೆಯವರಿಗೆ ಕೊಡಬೇಡ ಎನ್ನಬಹುದು. ಮುಕ್ತ ಎಂದರೆ ಬಳಸು, ಒಳಗೆ ಹೇಗಿದೆ ನೋಡು, ತಿದ್ದು, ಪಕ್ಕದ ಮನೆಗೂ ಕೊಡು ಎಂದು ಮಾಡಿದವರೇ ಬರೆದುಕೊಟ್ಟಿರುವುದು. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಶುರು ಮಾಡಿದ ಕೆಲಸದಿಂದ ಬಂದ, ಹೀಗೆ ಹಕ್ಕು ಬರೆದುಕೊಡುವ ಜಿಪಿಎಲ್ ಎಂಬ ಪರವಾನಗಿ 1989ರದು. ಪ್ಯಾರಿಸ್ ಹತ್ತಿರದ ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ ಕೆಲಸದಿಂದ ಹುಟ್ಟಿದ, ವಿಡಿಯೋ ನೋಡುವ ವಿಎಲ್‌ಸಿ, ಓಪನ್‌ಆಫೀಸಿನಿಂದ 2010ರಲ್ಲಿ ಕವಲೊಡೆದ, ಪತ್ರ ಲೆಕ್ಕ ಬರೆಯುವ ಲಿಬ್ರೆಆಫೀಸ್, ಹಾಡು ಕತ್ತರಿಸುವ ಆಡಾಸಿಟಿ, ಫೋಟೋ ತಿದ್ದುವ ಜಿಂಪ್, ಇವೆಲ್ಲ ಮುಕ್ತ. ನಾವು ಎದೆ ತಟ್ಟಿ ಹಂಚಬಹುದು. ವ್ಯಾಪಾರದ ಲೆಕ್ಕದ ಟ್ಯಾಲಿ ಕಲಿಯಬೇಕೆನ್ನುವ ಮಕ್ಕಳಿಗೆ ಕಂಪನಿಯೇ ಪುಕ್ಕಟೆ ಕಲಿಯಲು ಎಜುಕೇಶನಲ್ ಮೋಡ್ ಇಟ್ಟಿದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ನಮೂದು ಮಾಡಬಹುದು. ಕಲಿಯಲು ಧಾರಾಳ ಸಾಕು. ಕ್ರ್ಯಾಕ್ ಯಾಕೆ ಬೇಕು?

ಕದ್ದ ಪ್ರತಿ ಎಂದು ಗೊತ್ತಿದ್ದೂ ಬಳಸುವುದು ನಮ್ಮ ದೇಶದಲ್ಲಿ ಅಪರಾಧ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲದಿದ್ದರೆ ಜೈಲು ಬಿಟ್ಟು 50 ಸಾವಿರದೊಳಗಿನ ದಂಡ ಮಾತ್ರ ಹಾಕಲು ಕೋರ್ಟಿಗೆ ಅವಕಾಶ ಇದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ಜನರಿಗೆ ತಮ್ಮ ಕಂಪ್ಯೂಟರಿನಲ್ಲಿರುವುದು ಕದ್ದದ್ದು ಎಂಬುದೇ ಗೊತ್ತಿಲ್ಲ. ಹೊಸ ಕಂಪ್ಯೂಟರ್ ಕೊಟ್ಟ ಅಂಗಡಿಯೊಂದು ನನಗೇ ಹಾಗೆ ಹಾಕಿಕೊಟ್ಟಿತ್ತು. "ಎಲ್ಲಾ ಹಾಕಿದ್ದೇವೆ ಮೇಡಂ" ಎಂದಾಗ ಖುಷಿಯಾಗಿ ಧನ್ಯವಾದ ಹೇಳಿ ಬಂದಿದ್ದೆ.

ಇಲ್ಲ ಎನ್ನುವುದು ಸಣ್ಣ ಊರಿನಲ್ಲಿ ಬಹಳ ಕಷ್ಟ. ಪೇಟೆಯವರಿಗೆ ಇದು ತಿಳಿಯುವುದಿಲ್ಲ. ನಾನು ಬೆಳಿಗ್ಗೆ ಇಲ್ಲ ಎಂದವರು ಮಧ್ಯಾಹ್ನ ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿರುತ್ತಾರೆ. ನನ್ನ ಸೋದರತ್ತೆಯ ಮಗ ಹಾಗೇ ಕೂತು, "ಒಂದು ಫೈಲ್ ಕಳಸಲೆ ಎಂತಾ ಕಷ್ಟನೇ ನಿಂಗೆ?" ಎಂದು ಎಲ್ಲರೆದುರು ಕೇಳಿದ. ಪಾಯಸ ಬಡಿಸುವವರು ಬರುವವರೆಗೆ ಉತ್ತರ ಹೊಳೆಯಲಿಲ್ಲ. ಆ ಸ್ಟುಡಿಯೋ ಹುಡುಗನ ಕಥೆ ಹೇಳಿದೆ. ಅವನು ಕೇಳಿಸಿಕೊಂಡ. ಈಗ ಜಿಂಪ್ ಕಲಿತಿದ್ದಾನೆ, ತೋಟದ ಫೋಟೋ ತಿದ್ದಿ ಕಳಿಸುತ್ತಾನೆ.

ಕಾರವಾರದ ತಮ್ಮ ಒಮ್ಮೆ ಎರಡು ತಿಂಗಳು ಗುಂಪು ಬಿಟ್ಟಿದ್ದ. ರಾತ್ರಿ ಹನ್ನೊಂದಕ್ಕೆ, ಹನ್ನೆರಡಕ್ಕೆ ಜನ ಫೋನ್ ಮಾಡುತ್ತಿದ್ದರು. ಹಗಲೆಲ್ಲ ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವನು, ರಾತ್ರಿಯೂ ಪುಕ್ಕಟೆ ಮಾಡು ಎಂದರೆ ಎಷ್ಟು ದಿನ? ಒಂಬತ್ತರ ಮೇಲೆ ನಮಗೆ ಯಾರೂ ಫೋನ್ ಮಾಡಬಾರದು ಎಂದು ಬರೆದು ಹಾಕಿದ ಮೇಲೆ ವಾಪಸ್ ಬಂದ. ದೇವನಾಗರಿಯಲ್ಲಿ ಕೊಂಕಣಿ ಟೈಪ್ ಮಾಡುವವರಿಗೆಲ್ಲ ಕೀಲಿಮಣೆ ಹೊಂದಿಸಿಕೊಡುವವನು ಅವನೇ.

ಈಗ ವಿಂಡೋಸ್ 10ರ ವಿಷಯ. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಬರುತ್ತಿದ್ದ ಭದ್ರತಾ ದುರಸ್ತಿ ನಿಂತಿತು. ಕಂಪ್ಯೂಟರ್ ನಿಲ್ಲುವುದಿಲ್ಲ, ಬೇಲಿ ಕಟ್ಟುವವರು ಬರುವುದಿಲ್ಲ, ಅಷ್ಟೇ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ದುರಸ್ತಿ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ವಿಂಡೋಸ್ 11 ಹಾಕೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. ನಮ್ಮ ಮನೆಗಳಲ್ಲಿರುವ ಎಷ್ಟೋ ಯಂತ್ರ ಅದಕ್ಕಿಂತ ಹಳೆಯವು.

ನಮ್ಮೂರಿನ ಒಬ್ಬ ಹಿರಿಯರು, ನಾವೆಲ್ಲ ಮಾವ ಎನ್ನುತ್ತೇವೆ. ಮಗ 2012ರಲ್ಲಿ ಕೊಟ್ಟ ಲ್ಯಾಪ್‌ಟಾಪ್. ನಾಲ್ಕು ಜಿಬಿ ರ್ಯಾಮ್. ಅದರಲ್ಲಿ ಹದಿಮೂರು ವರ್ಷದ ತೋಟದ ಲೆಕ್ಕ ಇದೆ. ಚಾಲಿ ಅಡಿಕೆ ಎಷ್ಟು, ರಾಶಿ ಅಡಿಕೆ ಎಷ್ಟು, ಅಡಿಕೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟದ್ದೆಷ್ಟು, ಕೊಳೆ ರೋಗದ ಔಷಧಿಗೆ ಎಷ್ಟು. ಜೊತೆಗೆ ಅವರ ಅಪ್ಪ ಕೈಯಲ್ಲಿ ಬರೆದಿಟ್ಟ ಯಕ್ಷಗಾನದ ಪದ್ಯಗಳನ್ನು ಕೂತು ಟೈಪ್ ಮಾಡಿದ್ದಾರೆ. ಗುಜರಿಗೆ ಹಾಕಿ ಎಂದು ಇವರಿಗೆ ಹೇಳುವುದು ಹೇಗೆ?

ಅದಕ್ಕೆ ಲಿನಕ್ಸ್ ಮಿಂಟ್ 22 ಹಾಕಿದೆವು. ಎರಡು ಜಿಬಿ ರ್ಯಾಮ್ ಇದ್ದರೂ ನಡೆಯುತ್ತದೆ, ನಾಲ್ಕಿದ್ದರೆ ಸಲೀಸು. 2029ರವರೆಗೆ ದುರಸ್ತಿ ಬರುತ್ತದೆ. ಆ ಫೈಲ್ ಎರಡು ಜಿಬಿಗಿಂತ ದೊಡ್ಡದು, ವಾಟ್ಸ್ಯಾಪಿನಲ್ಲಿ ಹೋಗುವುದಿಲ್ಲ. ನಮ್ಮ ಘಟ್ಟದ ನೆಟ್‌ವರ್ಕಿನಲ್ಲಿ ಇಳಿಸುವುದಂತೂ ಬಿಡಿ. ಕುಮಟಾದಿಂದ ಪೆನ್‌ಡ್ರೈವ್ ಪ್ಲಾಸ್ಟಿಕ್ ಸುತ್ತಿಕೊಂಡು, ಈ ಕಡೆ ಬರುವವರೊಬ್ಬರ ಕೈಯಲ್ಲಿ ದೇವಿಮನೆ ಘಟ್ಟ ಹತ್ತಿ ಬಂತು. ಹಾಕುವ ಮೊದಲು ಮಾವನ ಎಲ್ಲಾ ಫೈಲುಗಳನ್ನು ಎರಡು ಕಡೆ ನಕಲು ಮಾಡಿಕೊಂಡೆವು.

ಹೊಸದು ಎದ್ದು ನಿಂತಿತು. ತೋಟದ ಲೆಕ್ಕ ಲಿಬ್ರೆಆಫೀಸಿನಲ್ಲಿ ಚೆನ್ನಾಗಿಯೇ ತೆರೆಯಿತು. ಪದ್ಯದ ಫೈಲ್ ತೆರೆದಾಗ ಮಾವನ ಮುಖ ಇಳಿದುಹೋಯಿತು. ಮೊದಲ ಸಾಲಿನಲ್ಲಿ ಶ್ರೀ ಇರಬೇಕಾದ ಜಾಗದಲ್ಲಿ ಮೇಲೆ ಹತ್ತಿದ ಸಣ್ಣ ಎರಡು, ಆಮೇಲೆ ಎ ಮತ್ತು ಇ ಅಂಟಿಕೊಂಡ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ತಲೆ ಮೇಲೆ ಅಲೆಯಂಥ ಗೆರೆ ಇರುವ ದೊಡ್ಡ ಎ. ಪುಟ ತುಂಬಾ ಹಾಗೇ. "ಎಲ್ಲಾ ಹೋತನೇ ತಂಗಿ?" ಎಂದರು. ಹೋಗಿರಲಿಲ್ಲ. ಮಾವ ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆವೃತ್ತಿಯಲ್ಲಿ. ಅದರ ಅಕ್ಷರಗಳು ಒಳಗೆ ಇಂಗ್ಲಿಷ್ ಚಿಹ್ನೆಗಳಾಗಿಯೇ ಕೂತಿರುತ್ತವೆ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರಕ್ಕೆ ಬದಲಿಸಿದರೆ ಎಲ್ಲೆಡೆ ಕಾಣುತ್ತದೆ. ಬದಲಿಸಿದೆವು. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಕೆಲವು ಒತ್ತಕ್ಷರ ಬಿಟ್ಟಿದ್ದವು. ಮಾವ ಅಪ್ಪನ ಕೈಬರಹದ ಪುಸ್ತಕ ಹಿಡಿದು ಹಾಡುವಂತೆ ಓದುವುದು, ಸೊಸೆ ತಿದ್ದುವುದು. ಹನ್ನೊಂದು ಸಂಜೆ ಬೇಕಾಯಿತು. ಟೈಪ್ ಮಾಡಲು ನುಡಿಯಲ್ಲಿದ್ದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ಮಿಂಟ್‌ನಲ್ಲೂ ಸಿಗುತ್ತದೆ. ಮಾವನ ಬೆರಳಿಗೆ ಹೊಸದೇನೂ ಕಲಿಸಬೇಕಾಗಲಿಲ್ಲ.

ಎಲ್ಲರೂ ಮಿಂಟ್ ಹಾಕಿಕೊಳ್ಳಿ ಎನ್ನುತ್ತಿಲ್ಲ. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ಸಾಫ್ಟ್‌ವೇರ್ ಇದ್ದವರು, ಇಲಾಖೆಯ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಚುಚ್ಚುವವರು ಅವಸರ ಮಾಡಬೇಡಿ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಳಗಿರುವುದನ್ನು ಮುಟ್ಟಬೇಕಿಲ್ಲ. ಲೆಕ್ಕ, ಟೈಪಿಂಗ್, ಫೋಟೋ, ಹಾಡು, ಇಂಟರ್ನೆಟ್ ಇಷ್ಟೇ ಸಾಕೆನ್ನುವ ಮನೆಗಳಿಗೆ ಮಾತ್ರ ನಾನು ಧೈರ್ಯವಾಗಿ ಹೇಳುತ್ತೇನೆ.

ನನ್ನ ಬೇಡಿಕೆ ಇದು. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರೂ ಬಂದಿದೆ. ಪ್ರತಿ ಅರಿವು ಕೇಂದ್ರದಲ್ಲಿ ಪುಸ್ತಕದ ಜೊತೆ ಒಂದು ಹಾರ್ಡ್‌ಡಿಸ್ಕ್ ಇಡಿ. ಅದರಲ್ಲಿ ಮುಕ್ತ ಸಾಫ್ಟ್‌ವೇರ್ ಮಾತ್ರ ಇರಲಿ. ಪಕ್ಕದಲ್ಲಿ ಒಂದು ರಿಜಿಸ್ಟರ್ ಇರಲಿ: ಸಾಫ್ಟ್‌ವೇರಿನ ಹೆಸರು, ಯಾರ ತಾಣದಿಂದ ಇಳಿಸಿದ್ದು, ಯಾವ ದಿನ, 64 ಅಕ್ಷರದ ಗುರುತು, ಪರೀಕ್ಷೆ ಮಾಡಿದ ಇಬ್ಬರ ಸಹಿ. ಊರವರು ಬಂದು ಓದಿ, ತಮ್ಮ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಹೋಗಲಿ. ಒಂದು ಎಚ್ಚರಿಕೆ, ಆ ಹಾರ್ಡ್‌ಡಿಸ್ಕಿಗೆ ಹೊರಗಿನಿಂದ ಯಾರೂ ಏನೂ ಹಾಕುವಂತಿರಬಾರದು. ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತಂದುಕೊಡುವ ಕೆಲಸ ಊರಿನ ಕಾಲೇಜು ಮಕ್ಕಳದಾಗಲಿ. ಹೇಗೆ ಪರೀಕ್ಷೆ ಮಾಡುವುದು ಎಂದು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡಬಹುದು. ನಾವು ನಾಲ್ವರು ಬಂದು ಕಲಿಸುತ್ತೇವೆ. ಬಸ್ ಖರ್ಚೂ ನಮ್ಮದೇ.

ಫೋನಿನ ಗುಂಪು ನಾವಿರುವವರೆಗೆ. ಮಾಸ್ತರಿಗೆ ಕಣ್ಣು ಮಂಜಾಗುತ್ತಿದೆ. ಅಂಕೋಲಾದ ಹುಡುಗಿಗೆ ಮದುವೆ ಗೊತ್ತಾಗಿದೆ, ಪುಣೆಗೆ ಹೋಗುತ್ತಾಳೆ. ಹಾರ್ಡ್‌ಡಿಸ್ಕೂ ರಿಜಿಸ್ಟರೂ ಊರಿನಲ್ಲೇ ಉಳಿಯುತ್ತವೆ.

ನಮ್ಮ ಪಂಚಾಯಿತಿಗೆ ಮೊದಲ ಅರ್ಜಿ ಬರೆದಿಟ್ಟಿದ್ದೇನೆ. ಮುಂದಿನ ಸೋಮವಾರ ಕೊಡುತ್ತೇನೆ. ಹಾರ್ಡ್‌ಡಿಸ್ಕ್ ಆ ಸ್ಟುಡಿಯೋ ಹುಡುಗ ಕೊಡುತ್ತೇನೆ ಎಂದಿದ್ದಾನೆ. ರಿಜಿಸ್ಟರಿಗೆ ಗೆರೆ ಹಾಕಿ, ಮೊದಲ ಹತ್ತು ಸಾಲು ತುಂಬಿದ್ದೇನೆ. ಎರಡನೇ ಸಹಿಯ ಜಾಗ ಖಾಲಿ ಇದೆ, ಮಾಸ್ತರು ಶನಿವಾರ ಬರುತ್ತಾರೆ.

ಇಂತಿ,
ಗುಂಪು ನೋಡಿಕೊಳ್ಳುವವರಲ್ಲಿ ಒಬ್ಬಳು,
ಶಿರಸಿ ತಾಲ್ಲೂಕು, ಉತ್ತರ ಕನ್ನಡ